ಸೌದೆ ಒಣಗಿದೆಯಾ? ಹೀಗೆ ನೋಡಿ

ಬಚ್ಚಲೊಲೆಗೆ ಸೌದೆ ತುಂಬಿದ್ದೀರಿ. ಊದಿ ಊದಿ ಕಣ್ಣಲ್ಲಿ ನೀರು ಬಂತು, ಹಂಡೆ ನೀರು ಮಾತ್ರ ಬಿಸಿಯಾಗಿಲ್ಲ. ಯಾಕೆ? ಸೌದೆ ಹಸಿ!

ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರೇ ಇರಬಹುದು. ಒಲೆಯ ಶಾಖ ಮೊದಲು ಅದನ್ನು ಆವಿ ಮಾಡೋದಕ್ಕೇ ಖರ್ಚಾಗುತ್ತೆ. ಕಾವು ಇಳಿದು, ಪೂರ್ತಿ ಉರಿಯದ್ದೆಲ್ಲ ಹೊಗೆಯಾಗುತ್ತೆ, ಹೊಗೆ ಕೊಳವೆಗೆ ಜಿಡ್ಡು ಮಸಿ ಕಟ್ಟುತ್ತೆ. ತೇವಾಂಶ ಶೇ. 20ಕ್ಕಿಂತ ಕೆಳಗಿಳಿದರೆ ಸೌದೆ ಒಲೆಗೆ ಸಿದ್ಧ.

ಒಣಗಿಸೋದು ಹೇಗೆ? ದಿಮ್ಮಿಯನ್ನು ಹಾಗೇ ಬಿಡಬೇಡಿ, ಸೀಳಿ. ತೊಗಟೆ ನೀರನ್ನು ಸುಲಭಕ್ಕೆ ಹೊರಬಿಡಲ್ಲ. ಸೀಳಿದ ಮೈ, ಕತ್ತರಿಸಿದ ತುದಿಗಳಿಂದ ಅದು ಆರಬೇಕು. ಕಲ್ಲಿನ ಮೇಲೆ ಅಡಿಕೆ ದಬ್ಬೆ ಹಾಕಿ, ನೆಲಕ್ಕೆ ತಾಗದಂತೆ, ಗಾಳಿಯಾಡುವಂತೆ ಒಟ್ಟಿ. ಮೇಲೆ ಮಾತ್ರ ತಗಡು ಹೊದಿಸಿ. ಸುತ್ತಲೂ ಟಾರ್ಪಾಲು ಬಿಗಿದರೆ ಒಳಗೇ ಬೂಷ್ಟು ಹಿಡಿಯುತ್ತೆ.

ಪರೀಕ್ಷೆ? ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಡಿಲವಾಗಿರಬೇಕು. ಎರಡು ತುಂಡು ಒಂದಕ್ಕೊಂದು ಬಡಿದರೆ ‘ಟಣ್’ ಅನ್ನಬೇಕು. ‘ದಬ್’ ಅಂದರೆ ಇನ್ನೂ ಹಸಿ.

ಮಲೆನಾಡಲ್ಲಿ ಬೇಸಿಗೆಯಲ್ಲೇ ಸೀಳಿ, ಮೃಗಶಿರಾ ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸ್ತಾರೆ. ಗಟ್ಟಿ ಜಾತಿಯ ಮರಕ್ಕೆ ಒಂದು ಬೇಸಿಗೆ ಸಾಲದೆ ಇರಬಹುದು. ಮುಂದಿನ ವರ್ಷದ್ದನ್ನು ಈ ವರ್ಷವೇ ಒಟ್ಟಿಡಿ.