ಯಾವ ಸಚಿವರಿಗೆ?

27 ವರ್ಷ ನಾನು ವಿಧಾನಸೌಧದಲ್ಲಿ ಬೇರೆಯವರ ಮಾತು ಬರೆದುಕೊಂಡೆ. ಹುದ್ದೆಯ ಹೆಸರು ವರದಿಗಾರ್ತಿ. ಪತ್ರಿಕೆಯವಳಲ್ಲ, ಸದನದವಳು. ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನ ಮುಂದೆ ಕೂತು ನನ್ನ ಸರದಿಯ ಕೆಲವು ನಿಮಿಷ ಶೀಘ್ರಲಿಪಿಯಲ್ಲಿ ಗೀಚಿಕೊಳ್ಳಬೇಕು, ಮುಂದಿನವರು ಬಂದ ಕೂಡಲೇ ಎದ್ದು ಕೋಣೆಗೆ ಹೋಗಿ ಅದನ್ನು ಓದುವ ಕನ್ನಡಕ್ಕೆ ಇಳಿಸಬೇಕು. ಎಲ್ಲರೂ ಒಟ್ಟಿಗೆ ಎದ್ದು ಕೂಗಿದರೆ ಆವರಣದಲ್ಲಿ ‘ಗೊಂದಲ’ ಎಂದು ಬರೆದು ಮುಂದೆ ಸಾಗುವುದು.

ಶೀಘ್ರಲಿಪಿಯವರಿಗೆ ಒಂದು ಅಭ್ಯಾಸವಿದೆ. ಪದೇ ಪದೇ ಕಿವಿಗೆ ಬೀಳುವ ಮಾತಿಗೆ ಪೂರ್ತಿ ಬರೆಯುವಷ್ಟು ಪುರುಸೊತ್ತು ಇರುವುದಿಲ್ಲ, ಅದಕ್ಕೊಂದು ಸ್ವಂತ ಚಿಹ್ನೆ ಮಾಡಿಕೊಂಡುಬಿಡುತ್ತೇವೆ. ‘ಕ್ರಮ ವಹಿಸಲಾಗುವುದು’ ಎನ್ನುವುದಕ್ಕೆ ನನ್ನ ಪುಸ್ತಕದಲ್ಲಿ ಒಂದು ಕೊಕ್ಕೆ. ‘ಪರಿಶೀಲನೆಯಲ್ಲಿದೆ’ಗೆ ಮಲಗಿದ ಗೆರೆ. ‘ಸಂಚಾರ ದಟ್ಟಣೆ’ಗೆ ಎರಡು ಗೆರೆ ಒಂದರ ಮೇಲೊಂದು. ‘ಮೇಲ್ಸೇತುವೆ’ಗೆ ಕಮಾನಿನಂಥದ್ದು. ನಿವೃತ್ತಿಯಾಗುವ ವರ್ಷ, 2019ರಲ್ಲಿ, ಹಳೆಯ ಪುಸ್ತಕಗಳನ್ನು ಒಪ್ಪಿಸುವ ಮುಂಚೆ ತಿರುವಿಹಾಕಿದೆ. ‘ಪಾದಚಾರಿ’ ಎಂಬ ಪದಕ್ಕೆ ನಾನು ಚಿಹ್ನೆಯನ್ನೇ ಮಾಡಿಕೊಂಡಿರಲಿಲ್ಲ. ಬಂದಾಗಲೆಲ್ಲ ಪೂರ್ತಿ ಬರೆದಿದ್ದೆ. ಬಂದದ್ದೇ ಅಪರೂಪ.

ದಿನವಿಡೀ ದಟ್ಟಣೆಯ ಚರ್ಚೆ ಬರೆದು, ಸಂಜೆ ಕೆ.ಆರ್. ಸರ್ಕಲ್ ದಾಟಿ, ನೃಪತುಂಗ ರಸ್ತೆಯಲ್ಲಿ ನಡೆದು, ಕಾರ್ಪೊರೇಷನ್ ಹತ್ತಿರ ಬನ್ನೇರುಘಟ್ಟದ 365 ನಂಬರಿನ ಬಸ್ಸು ಹತ್ತಿ ಹುಳಿಮಾವಿಗೆ ಹೋಗುತ್ತಿದ್ದೆ. ಹಾಗಾಗಿ ಈ ವಿಷಯದಲ್ಲಿ ನಾನು ಎರಡೂ ಕಡೆಯ ಸಾಕ್ಷಿ.

ಸದನದಲ್ಲಿ ಪ್ರಶ್ನೆ ಕೇಳುವುದು ಹೇಗೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಟಿ.ವಿ.ಯಲ್ಲಿ ಕಾಣುವ ಕೂಗಾಟ ಬೇರೆ, ಪ್ರಶ್ನೋತ್ತರ ವೇಳೆ ಬೇರೆ. ಶಾಸಕರು ಎಷ್ಟೋ ದಿನ ಮೊದಲೇ ಲಿಖಿತವಾಗಿ ಪ್ರಶ್ನೆ ಕಳಿಸಿರಬೇಕು. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ಉತ್ತರಿಸುತ್ತಾರೆ, ಅದರ ಬಾಲ ಹಿಡಿದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರವಷ್ಟೆ. ಲೋಕಸಭೆಯಲ್ಲೂ ಇದೇ ಪದ್ಧತಿ: ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ರಹಿತ. ಆದರೆ ಪ್ರಶ್ನೆಪತ್ರದ ಮೇಲೆ ಮೊದಲು ತುಂಬಬೇಕಾದ ಜಾಗ ಒಂದಿದೆ: ಯಾವ ಸಚಿವರಿಗೆ? ಬೆಂಗಳೂರಿನ ಟ್ರಾಫಿಕ್ಕು ಸಿಕ್ಕಿಹಾಕಿಕೊಳ್ಳುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಲ್ಲ, ಈ ಜಾಗದಲ್ಲಿ.

ನೋಡಿ, ಬಸ್ಸು ಸಾರಿಗೆ ಸಚಿವರದು. ಸಿಗ್ನಲ್ಲಿನಲ್ಲಿ ನಿಂತ ಪೊಲೀಸರು ಗೃಹ ಸಚಿವರ ಕೆಳಗೆ. ಫುಟ್‌ಪಾತು, ಮೇಲ್ಸೇತುವೆ, ಮೆಟ್ರೊ ಇವೆಲ್ಲ ಬೆಂಗಳೂರು ಅಭಿವೃದ್ಧಿ ಖಾತೆಗೆ. ಮೆಟ್ರೊದಲ್ಲಿ ಅರ್ಧ ಪಾಲು ಕೇಂದ್ರದ್ದು. ರೈಲು ಪೂರ್ತಿ ದೆಹಲಿಯದು, ಏಕೆಂದರೆ ಸಂವಿಧಾನದ ಏಳನೇ ಅನುಸೂಚಿ ರೈಲ್ವೆಯನ್ನು ಕೇಂದ್ರದ ಪಟ್ಟಿಯಲ್ಲೂ ರಸ್ತೆ, ಸೇತುವೆ, ಊರೊಳಗಿನ ಟ್ರಾಮುಗಳನ್ನು ರಾಜ್ಯದ ಪಟ್ಟಿಯಲ್ಲೂ ಇಟ್ಟಿದೆ. ಮೋಟಾರು ವಾಹನಗಳು ಇಬ್ಬರಿಗೂ ಸೇರಿದ ಪಟ್ಟಿಯಲ್ಲಿವೆ. ಮನೆಯಿಂದ ಆಫೀಸಿಗೆ ಹೋಗುವವಳಿಗೆ ಅದು ಒಂದೇ ಪ್ರಯಾಣ. ಸರ್ಕಾರಕ್ಕೆ ಅದು ಐದು ಕಡತ.

ಹಾಗಾಗಿ ಹೊರ ವರ್ತುಲ ರಸ್ತೆಯ ದಟ್ಟಣೆ ಬಗ್ಗೆ ಯಾರಾದರೂ ಕೇಳಿದರೆ ಸಾರಿಗೆಯವರು ಬಸ್ಸುಗಳ ಸಂಖ್ಯೆ ಓದುತ್ತಾರೆ, ನಗರಾಭಿವೃದ್ಧಿಯವರು ಕಿಲೋಮೀಟರು ಓದುತ್ತಾರೆ, ಉಳಿದದ್ದು ತಮ್ಮ ಇಲಾಖೆಗೆ ಬರುವುದಿಲ್ಲ ಎನ್ನುತ್ತಾರೆ. ಸಂಸತ್ತಿನಲ್ಲಿ ಕೇಳಿದರೆ, ನಗರ ಸಾರಿಗೆ ಎಂಬುದು ನಗರಾಭಿವೃದ್ಧಿಯ ಭಾಗ, ಅದು ರಾಜ್ಯದ ವಿಷಯ ಎಂಬ ಒಕ್ಕಣೆ ವರ್ಷಗಳಿಂದ ಬರುತ್ತಲೇ ಇದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ಇದರ ಸೊಗಸು.

ಇದರ ಬೆಲೆ ಏನೆಂದು ನನ್ನ ದಾರಿಯಲ್ಲೇ ನೋಡಿದ್ದೇನೆ. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಒಂದು ಮೇಲ್ಸೇತುವೆ ಇತ್ತು. 2006ರ ಸುಮಾರಿಗೆ ಅದು ತೆರೆದ ಮೇಲೆ ಕೆಲವು ತಿಂಗಳು ನನ್ನ ಬಸ್ಸು ಅಲ್ಲಿ ಓಡಿದ್ದು ಓಡಿದ್ದೇ. ಆಮೇಲೆ ಹಳೆಯ ಕತೆ. ರಸ್ತೆ ಸಲೀಸಾಯಿತೆಂದು ಹೊಸ ಗಾಡಿಗಳು ಬಂದವು, ಸೇತುವೆ ಇಳಿಯುವ ಕಡೆ ಮತ್ತೆ ಸಾಲು. 2020ರ ಜನವರಿಯಲ್ಲಿ ಅದನ್ನು ಒಡೆಯಲು ಶುರುಮಾಡಿದರು. ಮೆಟ್ರೊದ ಹಳದಿ ಮಾರ್ಗ, ಗುಲಾಬಿ ಮಾರ್ಗ ಎರಡೂ ಅಲ್ಲೇ ಕೂಡಬೇಕಿತ್ತು, ಸೇತುವೆ ಅಡ್ಡ ಬಂತು. ಆಗ ನಾನು ನಿವೃತ್ತಳು. ರಾತ್ರಿ ಹೊತ್ತು ಯಂತ್ರಗಳು ಕಾಂಕ್ರೀಟು ಕುಟ್ಟುವಾಗ ಏಳುವ ದೂಳು ಬೀದಿದೀಪದ ಬೆಳಕಿನಲ್ಲಿ ಹಿಟ್ಟಿನ ಗಿರಣಿಯ ಒಳಗಿನ ಹಾಗೆ ಕಾಣುತ್ತಿತ್ತು. ಕಟ್ಟಿದ ಸಂಸ್ಥೆ ಒಂದು, ಒಡೆದದ್ದು ಇನ್ನೊಂದು, ಎರಡೂ ಸಾರ್ವಜನಿಕರ ದುಡ್ಡು. ಹದಿನಾಲ್ಕು ವರ್ಷಕ್ಕೆ ಒಂದು ಸೇತುವೆಯ ಆಯಸ್ಸು ಮುಗಿಯಿತು. ನಮ್ಮ ಮನೆಯ ಗ್ರೈಂಡರ್ ಅದಕ್ಕಿಂತ ಹಳೆಯದು, ಇನ್ನೂ ತಿರುಗುತ್ತಿದೆ.

ರಸ್ತೆ ಇಂಜಿನಿಯರುಗಳು ಗಾಡಿ ಎಣಿಸುವಾಗ ಒಂದು ಬಸ್ಸನ್ನು ಸುಮಾರು ಮೂರು ಕಾರಿಗೆ ಸಮ ಎನ್ನುತ್ತಾರೆ. ಆ ಮೂರು ಕಾರಿನಲ್ಲಿ ನಾಲ್ಕೈದು ಜನ ಇರುತ್ತಾರೆ. ಸಂಜೆ ಏಳರ 365ರಲ್ಲಿ ಎಪ್ಪತ್ತು ಜನ, ಅದರಲ್ಲಿ ಅರ್ಧ ಜನ ಒಂದೇ ಕಾಲಿನ ಮೇಲೆ. ಜನರನ್ನು ಸಾಗಿಸಿ, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಅದನ್ನು ಬೆಂಗಳೂರು ಒಂದು ಸಲ ಕಿವಿಗೆ ಹಾಕಿಕೊಂಡಿತ್ತು. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟರು, ಅಂಚಿಗೆ ಗೂಟ ನೆಟ್ಟರು. ಪಕ್ಕದಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತ ನಿಂತಿದ್ದಾಗ 500ಡಿ ಬಸ್ಸು ನುಸುಳಿಕೊಂಡು ಹೋಗುವುದನ್ನು ನೋಡಲೆಂದೇ ನಾನೊಮ್ಮೆ ಅಲ್ಲಿಗೆ ಹೋಗಿ ಬಂದೆ. ನಗಬೇಡಿ, ನಿವೃತ್ತರಿಗೆ ಹೊತ್ತು ಹೋಗಬೇಕಲ್ಲ. ಆಮೇಲೆ ಕೊರೋನಾ ಬಂತು, ಅದೇ ರಸ್ತೆಗೆ ಮೆಟ್ರೊ ಕಾಮಗಾರಿ ಬಂತು. ಗೂಟ ಮುರಿದವು, ಪಥ ಅಳಿಸಿತು. ಒಂದು ಇಲಾಖೆಯ ಒಳ್ಳೆಯ ಕೆಲಸವನ್ನು ಇನ್ನೊಂದು ಇಲಾಖೆಯ ಒಳ್ಳೆಯ ಕೆಲಸ ನುಂಗಿತು.

ಇದಕ್ಕೆ ಮದ್ದು ಯಾರಿಗೂ ಹೊಳೆದಿಲ್ಲ ಎಂದಲ್ಲ. ದೊಡ್ಡ ನಗರಗಳಲ್ಲಿ ಬಸ್ಸು, ರೈಲು, ರಸ್ತೆ, ನಡಿಗೆ ಎಲ್ಲಕ್ಕೂ ಒಂದೇ ಪ್ರಾಧಿಕಾರ ಇರಲಿ ಎಂದು 2006ರ ಆ ನೀತಿಯೇ ಹೇಳಿತ್ತು, 2017ರ ಮೆಟ್ರೊ ನೀತಿಯೂ ಅದನ್ನೇ ಹೇಳಿತು. ಕರ್ನಾಟಕ 2007ರಲ್ಲೇ ಸರ್ಕಾರಿ ಆದೇಶದ ಮೂಲಕ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಮಾಡಿತು. ಆದೇಶದ ಮೇಲೆ ನಿಂತ ಸಂಸ್ಥೆಯ ಮಾತನ್ನು ಕಾಯ್ದೆಯ ಮೇಲೆ ನಿಂತ ಸಂಸ್ಥೆಗಳು ಯಾಕೆ ಕೇಳುತ್ತವೆ? ಕೊನೆಗೆ 2022ರಲ್ಲಿ ಅದಕ್ಕೂ ಒಂದು ಕಾಯ್ದೆ ಆಯಿತು, ಮುಖ್ಯಮಂತ್ರಿಗಳೇ ಅಧ್ಯಕ್ಷರು. ನನ್ನ ಮಟ್ಟಿಗೆ, ಬೆಂಗಳೂರಿನ ದಟ್ಟಣೆ ಬಗ್ಗೆ ಸದನ ಮಾಡಿದ ಅತಿ ಮುಖ್ಯ ಕೆಲಸ ಇದೇ. ಕೋಟಿಗಳ ಲೆಕ್ಕದ ಸುರಂಗ ರಸ್ತೆಯ ಯೋಜನೆ ಬಗ್ಗೆ ಆಗುವ ಜಗಳದಲ್ಲಿ ಹತ್ತರಲ್ಲೊಂದು ಪಾಲು ಇದರ ಮೇಲೆ ಆಗಿದ್ದರೆ ಚೆನ್ನಾಗಿತ್ತು. ಸುರಂಗ ಕಣ್ಣಿಗೆ ಕಾಣುತ್ತದೆ. ಪ್ರಾಧಿಕಾರಕ್ಕೆ ಗುದ್ದಲಿಪೂಜೆ ಮಾಡಲು ಬರುವುದಿಲ್ಲ.

ಉಪನಗರ ರೈಲಿಗೆ ಗುದ್ದಲಿಪೂಜೆ ಆಗಿದೆ. 148 ಕಿಲೋಮೀಟರು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೂವಿನ ಹೆಸರು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳ ಗಡುವು ಹೇಳಿದ್ದರು. ಅದು 2025ರ ಅಕ್ಟೋಬರ್‌ಗೆ ತೀರಿತು. ಹೂವು ಇನ್ನೂ ಮೊಗ್ಗಾಗಿಯೇ ಇವೆ.

ಹೊಣೆ ಜಾರಿಸುವುದರಲ್ಲಿ ಈಚಿನ ಪಾಠವೆಂದರೆ 2025ರ ಫೆಬ್ರುವರಿಯ ಮೆಟ್ರೊ ದರ ಏರಿಕೆ. ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. 2002ರ ಮೆಟ್ರೊ ಕಾಯ್ದೆ ಪ್ರಕಾರ ದರ ಹೇಳುವುದು ಒಂದು ಸಮಿತಿ. ಅದರಲ್ಲಿ ಕೇಂದ್ರದವರೂ ಇರುತ್ತಾರೆ, ರಾಜ್ಯದವರೂ ಇರುತ್ತಾರೆ, ಅದು ಹೇಳಿದ್ದನ್ನು ನಿಗಮ ಪಾಲಿಸಲೇಬೇಕು. ಹಾಗಾದರೆ ಏರಿಸಿದವರು ಯಾರು? ನಾನು ಇನ್ನೂ ಕೆಲಸದಲ್ಲಿದ್ದಿದ್ದರೆ ಆವರಣದಲ್ಲಿ ಏನು ಬರೆಯುತ್ತಿದ್ದೆನೋ ನಿಮಗೆ ಗೊತ್ತು.

ಶೂನ್ಯವೇಳೆಯನ್ನು ಬರೆದೂ ಬರೆದೂ ಕೈ ಸವೆದವಳಿಗೆ ಈಗ ಹೆಂಗಸರಿಗೆ ಬಸ್ಸು ಬಿಟ್ಟಿಯಾಗಿಸಿದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. 2023ರ ಜೂನ್ 11ರಿಂದ ಬಸ್ಸಿನಲ್ಲಿ ನಮ್ಮವರದೇ ರಾಜ್ಯ. ಬಿಟ್ಟಿ ಟಿಕೆಟ್ಟಿಗೆ ಬೈಯುವವರಿದ್ದಾರೆ. ಕೆಲಸದ ಮನೆಗಳಿಗೆ ಬೆಳಗ್ಗೆ ಆರಕ್ಕೇ ಹೊರಡುವ ಹೆಂಗಸರ ಪಕ್ಕ ಒಂದು ದಿನ ಕೂತು ಆಮೇಲೆ ಬೈಯಲಿ.

ಅವರಲ್ಲೇ ಇಬ್ಬರು ಮೊನ್ನೆ ನನ್ನನ್ನು ಹಿಡಿದುಕೊಂಡರು. ಮೆಟ್ರೊ ಕಾಮಗಾರಿಗೆಂದು ನಮ್ಮ ಸ್ಟಾಪಿನ ತಂಗುದಾಣ ಕಿತ್ತುಹಾಕಿ ವರ್ಷಗಳಾದವು. ಮಳೆ ಬಂದರೆ ಎದುರಿನ ಬೇಕರಿಯ ಶೀಟಿನ ಕೆಳಗೆ ಓಡಬೇಕು, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

“ಮೇಡಂ, ನೀವು ವಿಧಾನಸೌಧದಲ್ಲಿ ಇದ್ದೋರಲ್ವಾ, ಒಂದು ಅರ್ಜಿ ಬರ್ಕೊಡಿ.”

ಅದಕ್ಕೇನಂತೆ ಎಂದು ಅಲ್ಲೇ ಕೂತು ಬರೆದೆ. ಆರೇ ಸಾಲು. ಮೇಲೆ ‘ಮಾನ್ಯರಿಗೆ’ ಎಂದು ಬರೆದು ಪೆನ್ನು ನಿಂತಿತು. ತಂಗುದಾಣ ಕಟ್ಟುವವರು ಒಬ್ಬರು, ಜಾಗ ಇನ್ನೊಬ್ಬರದು, ಬಸ್ಸು ಮತ್ತೊಬ್ಬರದು, ಅಗೆದವರು ಮಗದೊಬ್ಬರು. ಶಾಸಕರ ಹೆಸರಿಗೂ ಒಂದು ಇರಲಿ ಎಂದಳು ಅವರಲ್ಲಿ ಚಿಕ್ಕವಳು. ವಿಳಾಸದ ಜಾಗ ಖಾಲಿ ಬಿಟ್ಟು ಜೆರಾಕ್ಸ್ ಅಂಗಡಿಗೆ ಹೋದೆವು.

“ಎಷ್ಟು ಕಾಪಿ ಅಮ್ಮಾ?” ಎಂದ ಹುಡುಗ.

“ಐದು ಹಾಕಪ್ಪ,” ಎಂದೆ. ಆಮೇಲೆ ನಮ್ಮ ಹತ್ತಿರವೂ ಒಂದು ಇರಲಿ ಎನಿಸಿ, “ಇರು, ಆರು ಹಾಕು,” ಎಂದೆ.