ಏಳು ತಂತಿಯ ಹೆಸರು

ರಾಜಾಜಿನಗರದ ನಮ್ಮ ನೆರೆಮನೆಯಲ್ಲಿ ತರುಣನೊಬ್ಬನಿದ್ದಾನೆ. ಹತ್ತು ವರ್ಷಗಳಿಂದ ಪಿಟೀಲು ಅಭ್ಯಾಸ ಮಾಡುತ್ತಿದ್ದಾನೆ. ಬೆಳಗಿನ ಜಾವ ಅವನ ವರಸೆಗಳು ಕೇಳಿಬಂದ ಮೇಲೆಯೇ ನಮ್ಮ ಮನೆಯಲ್ಲಿ ಕಾಫಿಗೆ ನೀರಿಡುವುದು ವಾಡಿಕೆ. ಈಚೆಗೆ ಒಂದು ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಬಂದು ಕುಳಿತ.

“ಮಾಮ, ನನ್ನ ಹತ್ತಿರ ವಿದ್ಯೆ ಇದೆಯಂತೆ, ‘ಬ್ರ್ಯಾಂಡ್’ ಇಲ್ಲವಂತೆ. ಅದಿಲ್ಲದೆ ಕಚೇರಿಗೆ ಯಾರೂ ಕರೆಯುವುದಿಲ್ಲವಂತೆ” ಎಂದ.

ಸ್ನೇಹಿತರು ಅವನಿಗೆ ದಾರಿಯನ್ನೂ ತೋರಿಸಿದ್ದರು. ಹೆಸರನ್ನು ಮೊಟಕು ಮಾಡಬೇಕು, ಲಾಂಛನ ಬರೆಸಬೇಕು, ಒಂದೇ ಬಣ್ಣದ ಜುಬ್ಬ ತೊಟ್ಟು ದಿನಕ್ಕೊಂದು ರೀಲ್ಸ್ ಮಾಡಿ ಲೋಕಕ್ಕೆ ಬಿಡಬೇಕು. ಒಂದು ವರ್ಷದೊಳಗೆ ಹೆಸರಾಗದಿದ್ದರೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಉದ್ಯೋಗ ಹಿಡಿಯಬೇಕೆಂದು ಮನೆಯವರು ಹೇಳಿದ್ದಾರೆ. ಹುಡುಗನ ಸಂಕಟ ನಕ್ಕು ತಳ್ಳಿಬಿಡುವಂಥದಲ್ಲ.

ಮರುದಿನ ಅವನನ್ನು ಕರೆದುಕೊಂಡು ಮಲ್ಲೇಶ್ವರವನ್ನು ದಾಟಿ ವೈಯಾಲಿಕಾವಲ್ ಕಡೆಗೆ ಹೋದೆ. ಅಲ್ಲಿರುವ ಚೌಡಯ್ಯ ಸ್ಮಾರಕ ಭವನವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1980ರಲ್ಲಿ ಬಾಗಿಲು ತೆರೆದ ಆ ಕಟ್ಟಡವೇ ಒಂದು ಪಿಟೀಲು. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವೂ ಅದಕ್ಕುಂಟು.

“ಇದಕ್ಕಿಂತ ದೊಡ್ಡ ಲಾಂಛನ ಬೇಕೇನಪ್ಪ?” ಎಂದೆ. “ಆದರೆ ಇದು ಅವರು ಬರೆಸಿಕೊಂಡದ್ದಲ್ಲ. ಅವರು ತೀರಿಕೊಂಡದ್ದು 1967ರಲ್ಲಿ.”

ಕಾವೇರಿ ಕಪಿಲೆಗಳ ಸಂಗಮದ ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರು 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಸುಮಾರು ಎಂಟು ವರ್ಷ ಅವರಲ್ಲಿ ಕಠಿಣವಾದ ಶಿಕ್ಷಣವಾಯಿತು. ಬಳಿಕ ಹಿಡಿದದ್ದು ಪಕ್ಕವಾದ್ಯದ ದಾರಿ. ಪಕ್ಕವಾದ್ಯದವನ ಪಾಡು ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಗಾಯಕನು ಹಾಡಿದ್ದನ್ನು ನೆರಳಿನಂತೆ ಅನುಸರಿಸಬೇಕು. ರಾಗದಲ್ಲಿಯೂ ಸ್ವರದಲ್ಲಿಯೂ ತನ್ನ ಸರದಿ ಬಂದಾಗ ಮಾತ್ರ ತನ್ನ ಮಾತನ್ನು ಹೇಳಬೇಕು. ಹೀಗೆ ಪಕ್ಕದಲ್ಲಿ ಕುಳಿತವನು ಹೆಸರು ಗಳಿಸುವುದು ಹೇಗೆ?

ಚೌಡಯ್ಯನವರ ಮುಂದೆ ಇದ್ದ ಪ್ರಶ್ನೆ ಹೆಸರಿನದಲ್ಲ, ನಾದದ್ದು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ದಿನಗಳವು. ತುಂಬುಕಂಠದ ಗಾಯಕರ ಪಕ್ಕದಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನ ಶ್ರೋತೃವನ್ನು ಮುಟ್ಟುತ್ತಿರಲಿಲ್ಲ. ಕಾಸು ಕೊಟ್ಟು ಬಂದ ಅವನೂ ರಸಿಕನೇ ಅಲ್ಲವೆ? 1920ರ ದಶಕದ ಕೊನೆಯ ಹೊತ್ತಿಗೆ ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕೂಡಿಸಿದರು. ಜೋಡಿ ತಂತಿಗಳ ಮೇಲೆ ಕಮಾನು ಒಟ್ಟಿಗೆ ಹಾಯ್ದಾಗ ನಾದ ದಪ್ಪವಾಗಿ, ತುಂಬಿ ಬಂತು. ಆದರೆ ಅದು ಸುಲಭದ ಉಪಾಯವಲ್ಲ. ಒಂದು ತಂತಿಯಲ್ಲಿ ಶ್ರುತಿ ತಪ್ಪದಂತೆ ಬೆರಳಿಡುವುದೇ ಕಷ್ಟ. ಎರಡನ್ನು ಒಮ್ಮೆಗೇ ಅದುಮಿ ಶುದ್ಧವಾಗಿ ನುಡಿಸುವುದಕ್ಕೆ ಎಷ್ಟು ಸಾಧನೆ ಬೇಕೆಂಬುದನ್ನು ಪಿಟೀಲು ಹಿಡಿದವರನ್ನೇ ಕೇಳಬೇಕು.

ಆ ನಾದದಿಂದಲೇ ಹೆಸರು ಬಂತು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಎಂದರೆ ರಸಿಕರಿಗೆ ಹಬ್ಬವಾಯಿತು. ವೀಣೆ ಶೇಷಣ್ಣನವರಿಗೆ ವೀಣೆ ಅಂಟಿಕೊಂಡಂತೆ ಇವರ ಹೆಸರಿಗೆ ಪಿಟೀಲು ಅಂಟಿಕೊಂಡಿತು. ‘ಪಿಟೀಲು ಚೌಡಯ್ಯ’ ಎಂದು ಕರೆದವರು ಜನ. ತಾವೇ ಇಟ್ಟುಕೊಂಡ ಗುರುತು ಒಂದೇ: ತಮ್ಮ ರಚನೆಗಳ ಕೊನೆಗೆ ಹಾಕಿದ ‘ತ್ರಿಮಕುಟ’ ಎಂಬ ಅಂಕಿತ. ಅದರಲ್ಲಿಯೂ ಮೆರೆದದ್ದು ಹುಟ್ಟಿದೂರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದಿತ್ತು ಗೌರವಿಸಿತು.

ಹಾಗೆಂದು ಪ್ರಚಾರವೇ ಬೇಡವೆಂದು ನನ್ನ ವಾದವಲ್ಲ. ಚೌಡಯ್ಯನವರೇ 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು. ಹೊಸ ಸಾಧನಕ್ಕೆ ಹೆದರಿದವರಲ್ಲ ಅವರು. ಆದರೆ ಚಿತ್ರ ತೆಗೆಯುವ ಹೊತ್ತಿಗೆ ತೋರಿಸಲು ಅವರ ಬಳಿ ತಮ್ಮದೇ ಆದ ನಾದವಿತ್ತು. ಕ್ರಮೇಣ ಧ್ವನಿವರ್ಧಕ ಬಂತು. ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಅವರ ತರುವಾಯ ಆ ವಾದ್ಯ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಬರಿಯ ತಂತಿಗಳಿಂದಲೇ ಕೀರ್ತಿ ಬರುವುದಾಗಿದ್ದರೆ ಮೂರು ತಂತಿ ಕೊಂಡುಕೊಂಡವರೆಲ್ಲರೂ ಚೌಡಯ್ಯನವರಾಗಬೇಕಿತ್ತು!

ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಕೇಳಿದ: “ಅವರ ಕಾಲದಲ್ಲಿ ಪಿಟೀಲು ಕೇಳಿಸುತ್ತಿರಲಿಲ್ಲ, ಸರಿ. ಈಗ ಎಲ್ಲವೂ ಕೇಳಿಸುತ್ತದಲ್ಲ ಮಾಮ?”

“ಎಲ್ಲವೂ ಕೇಳಿಸುತ್ತದೆಯೆ?” ಎಂದೆ.

ಅವನು ಯೋಚಿಸಿ ಹೇಳಿದ: “ನಾನು ಕೃತಿ ನುಡಿಸುವಾಗ ಸ್ವರ ಕೇಳಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ ಎಂದು ನಮ್ಮ ಗುರುಗಳು ಗದರುತ್ತಾರೆ. ಅಕ್ಷರ ಒಡೆಯುವ ಕಡೆ ನನ್ನ ಕಮಾನು ಒಡೆಯುವುದಿಲ್ಲವಂತೆ.”

ಆ ಮೇಲಿನ ಬೆಳಗ್ಗೆಗಳಲ್ಲಿ ನೆರೆಮನೆಯಿಂದ ಬರುತ್ತಿರುವುದು ವರಸೆಗಳಲ್ಲ. ಒಂದೇ ಪಲ್ಲವಿ, ವಿಳಂಬವಾಗಿ, ಮತ್ತೆ ಮತ್ತೆ. ನಡುವೆ ಪಿಟೀಲು ನಿಲ್ಲಿಸಿ ಅವನು ಆ ಸಾಲನ್ನು ಬಾಯಲ್ಲಿ ಹಾಡಿಕೊಳ್ಳುತ್ತಾನೆ. ಪುನಃ ಕಮಾನು ಎತ್ತುತ್ತಾನೆ. ಮನೆಯವರು ಕೊಟ್ಟ ವರ್ಷದ ಗಡುವು ಹಾಗೆಯೇ ಇದೆ. ಲಾಂಛನ ಇನ್ನೂ ಬರೆಸಿಲ್ಲ. ನಿನ್ನೆ ಬೆಳಗ್ಗೆ ಮಾತ್ರ ನನ್ನ ಹೆಂಡತಿ ಅಡಿಗೆಮನೆಯಲ್ಲಿ ನೀರಿಡುತ್ತ, ಅವನ ಪಿಟೀಲಿನ ಜೊತೆಗೆ ಆ ಪಲ್ಲವಿಯ ಮಾತುಗಳನ್ನು ತನಗರಿವಿಲ್ಲದೆಯೇ ಗುನುಗುತ್ತಿದ್ದಳು.