ಕತ್ತಿ ನುಂಗುವವನ ಗಂಟಲಿಂದ ಇಳಿದ ಕೊಳವೆ

ಬಾಯಿಂದ ಜಠರದವರೆಗೆ ನೆಟ್ಟನೆಯ ಕೊಳವೆಯೊಂದನ್ನು ಇಳಿಸಬಹುದು ಎಂದು ವೈದ್ಯಲೋಕಕ್ಕೆ ತೋರಿಸಿಕೊಟ್ಟವನು ವೈದ್ಯನಲ್ಲ, ಕತ್ತಿ ನುಂಗುವ ಕಸುಬಿನವನು. 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ ಅಂಥವನೊಬ್ಬನನ್ನು ಕೂರಿಸಿ, 47 ಸೆಂಟಿಮೀಟರ್ ಉದ್ದದ, 13 ಮಿಲಿಮೀಟರ್ ದಪ್ಪದ ಕೊಳವೆಯನ್ನು ಅವನ ಬಾಯೊಳಗೆ ಇಳಿಸಿದ. ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಬಾಯಿ, ಗಂಟಲು, ಅನ್ನನಾಳವನ್ನು ಒಂದೇ ಗೆರೆಗೆ ತಂದು, ಉಕ್ಕಿ ಬರುವ ಓಕರಿಕೆಯನ್ನು ಅದುಮಿ ಹಿಡಿಯುವುದು ಆ ಮನುಷ್ಯನಿಗೆ ಹೊಟ್ಟೆಪಾಡಿನ ವಿದ್ಯೆ. ಕೊಳವೆ ಸಲೀಸಾಗಿ ಇಳಿಯಿತು. ಕಣ್ಣಿಟ್ಟು ನೋಡಿದರೆ ಒಳಗೆ ಕತ್ತಲು. ಹೊರಗೆ ಹಚ್ಚಿಟ್ಟ ದೀಪದ ಬೆಳಕನ್ನು ಕನ್ನಡಿಯಿಂದ ತಿರುಗಿಸಿ ಒಳಕ್ಕೆ ಹಾಯಿಸಿದರೂ ಅದು ತಳ ಮುಟ್ಟುವಷ್ಟರಲ್ಲಿ ಸೊರಗಿಹೋಗುತ್ತಿತ್ತು. ಜಠರರಸ ಬೇರೆ ಅಡ್ಡ ಬರುತ್ತಿತ್ತು.

ಕುಸ್‌ಮೌಲ್‌ನ ಹೆಸರು ವೈದ್ಯಕೀಯ ಪಠ್ಯಗಳಲ್ಲಿ ಉಳಿದಿದೆ. ಗಂಟಲು ಕೊಟ್ಟವನು ಬರೀ 'ಕತ್ತಿ ನುಂಗುವವನು'. ಎಂಡೋಸ್ಕೋಪಿಯ ಚರಿತ್ರೆ ಓದುವಾಗೆಲ್ಲ ನನಗೆ ಇಂಥವರೇ ಎದುರಾಗುತ್ತಾರೆ: ದೀಪ ಮಾಡುವವರು, ಗಾಜು ಎಳೆಯುವವರು, ರೋಗಿಯ ತಲೆ ಹಿಡಿದವರು. ಹೊಟ್ಟೆಯ ಡಾಕ್ಟರರು ಇಂದು ಹತ್ತು ನಿಮಿಷದಲ್ಲಿ ಮುಗಿಸುವ ತಪಾಸಣೆಯ ಹಿಂದೆ ಡಾಕ್ಟರಲ್ಲದವರ ದುಡಿಮೆಯೇ ಹೆಚ್ಚು.

ಬೆಳಕಿನ ತಾಪತ್ರಯ ಕುಸ್‌ಮೌಲ್‌ಗಿಂತ ಹಳೆಯದು. 1806ರಲ್ಲೇ ಫ್ರಾಂಕ್‌ಫರ್ಟಿನ ಫಿಲಿಪ್ ಬೊಜ್ಜಿನಿ ಮೇಣದಬತ್ತಿ, ಕನ್ನಡಿ, ಕೊಳವೆ ಸೇರಿಸಿ ದೇಹದೊಳಗೆ ಇಣುಕುವ ಲಾಟೀನಿನಂಥ ಸಾಧನ ಮಾಡಿದ್ದ. ವಿಯೆನ್ನಾದ ವೈದ್ಯ ಪಂಡಿತರಿಗೆ ಅದು ಹಿಡಿಸಲಿಲ್ಲ. ಮೂರು ವರ್ಷದಲ್ಲಿ ಬೊಜ್ಜಿನಿ ಟೈಫಸ್ ಜ್ವರಕ್ಕೆ ಬಲಿಯಾದ. ಆಗವನಿಗೆ 35 ವರ್ಷ. ಮುಂದೆ 1881ರಲ್ಲಿ ಅದೇ ವಿಯೆನ್ನಾದಲ್ಲಿ ಶಸ್ತ್ರವೈದ್ಯ ಮಿಕುಲಿಚ್, ಉಪಕರಣ ತಯಾರಕ ಯೋಸೆಫ್ ಲೈಟರ್‌ನ ಜತೆಗೂಡಿ ದೀಪವನ್ನು ಕೊಳವೆಯ ತುದಿಗೇ ಒಯ್ದ. ವಿದ್ಯುತ್ತಿನಿಂದ ಕೆಂಪಗೆ ಕಾದ ಪ್ಲಾಟಿನಂ ತಂತಿ, ಅದು ಜಠರವನ್ನು ಸುಡದಂತೆ ಸುತ್ತ ಹರಿಯುವ ತಣ್ಣೀರು! ನುಂಗುವವರ ಪಾಡು ದೇವರಿಗೇ ಪ್ರೀತಿ.

ಗಟ್ಟಿ ಕೊಳವೆಯ ಅಪಾಯ ಬೆಳಕಿನದಷ್ಟೇ ಅಲ್ಲ. ಅನ್ನನಾಳ ತೆಳು, ಒಂದಿಷ್ಟು ಕೈ ತಪ್ಪಿದರೆ ತೂತು, ಆ ಕಾಲದಲ್ಲಿ ತೂತೆಂದರೆ ಸಾವು. ಇದನ್ನು ಹತ್ತಿರದಿಂದ ಬಲ್ಲ ಮ್ಯೂನಿಕ್‌ನ ರುಡಾಲ್ಫ್ ಷಿಂಡ್ಲರ್, 1932ರಲ್ಲಿ ಬರ್ಲಿನ್ನಿನ ಉಪಕರಣ ತಯಾರಕ ಗೇಯಾರ್ಗ್ ವೋಲ್ಫ್ ಜತೆ ಸೇರಿ ಕೆಳಭಾಗ ಬಾಗುವ ಗ್ಯಾಸ್ಟ್ರೋಸ್ಕೋಪ್ ತಂದ. ಒಳಗೆ ಸಾಲಾಗಿ ಕೂರಿಸಿದ ಪುಟ್ಟ ಮಸೂರಗಳು. ಕೊಳವೆ ಅಷ್ಟಿಷ್ಟು ಬಾಗಿದರೂ ಚಿತ್ರ ಕೆಡುತ್ತಿರಲಿಲ್ಲ. ಆದರೂ ಮೇಲ್ಭಾಗ ಗಟ್ಟಿಯೇ. ಹಾಗಾಗಿ ಎಡಮಗ್ಗುಲಾಗಿ ಮಲಗಿದ ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೊಳವೆಯ ಚಲನೆಗೆ ತಕ್ಕಂತೆ ಕತ್ತನ್ನು ಹಿಂದೆ ಮುಂದೆ ಮಾಡುವ ಒಬ್ಬರು ಬೇಕಿತ್ತು. ಆ ಕೆಲಸ ಮಾಡುತ್ತಿದ್ದವರು ಷಿಂಡ್ಲರ್‌ನ ಹೆಂಡತಿ ಗೇಬ್ರಿಯಲ್. ರೋಗಿ ಗಾಬರಿಯಾದನೋ, ಉಸಿರು ಬಿಗಿಹಿಡಿದನೋ ಎಂಬುದು ಮೊದಲು ತಿಳಿಯುವುದು ತಲೆ ಹಿಡಿದ ಕೈಗೆ. ಒಳಗೆ ನೋಡುತ್ತಿದ್ದ ಗಂಡನಿಗೆ ಅದು ಗೊತ್ತಾಗುವುದು ಆಮೇಲೆ. ನಾಜಿಗಳ ಕಾಟಕ್ಕೆ 1934ರಲ್ಲಿ ದೇಶ ಬಿಟ್ಟು ದಂಪತಿ ಷಿಕಾಗೋ ಸೇರಿದರು. ಈ ವಿದ್ಯೆಯೂ ಅವರೊಂದಿಗೆ ಅಮೆರಿಕಕ್ಕೆ ಹೋಯಿತು.

ಜಠರದ ಕ್ಯಾನ್ಸರ್ ಹೆಚ್ಚಾಗಿದ್ದ ಜಪಾನ್ ಬೇರೆಯೇ ದಾರಿ ಹಿಡಿಯಿತು. 1950ರಲ್ಲಿ ಉಜಿ ತತ್ಸುರೊ ಎಂಬ ವೈದ್ಯ ಮತ್ತು ಒಲಿಂಪಸ್ ಕಂಪನಿಯ ಎಂಜಿನಿಯರರು ಕೂಡಿ ಕ್ಯಾಮೆರಾವನ್ನೇ ನುಂಗಿಸಿದರು. ಕೊಳವೆಯ ತುದಿಯಲ್ಲಿ ಪುಟಾಣಿ ಮಸೂರ, ಬಲ್ಬು, ಸಣ್ಣ ಫಿಲ್ಮಿನ ಸುರುಳಿ. ಫಿಲ್ಮು ತೊಳೆಯುವ ತನಕ ಏನು ಸೆರೆಯಾಗಿದೆಯೆಂದು ಯಾರಿಗೂ ಗೊತ್ತಿಲ್ಲ. ಕ್ಯಾಮೆರಾ ಎಲ್ಲಿದೆ ಎಂದು ತಿಳಿಯಲು ಕೋಣೆಯ ದೀಪ ಆರಿಸಿ, ಹೊಟ್ಟೆಯ ಚರ್ಮದ ಮೂಲಕ ಮಿಣುಕುವ ಬೆಳಕನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಗಾಜು ತನ್ನ ಕೆಲಸ ಶುರುಮಾಡಿತ್ತು. 1954ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಅವರ ವಿದ್ಯಾರ್ಥಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಒಂದು ಲೇಖನ ಬರೆದರು. ಕೂದಲೆಳೆಯಂಥ ಗಾಜಿನ ನೂಲುಗಳನ್ನು ಕಟ್ಟಾಗಿ ಜೋಡಿಸಿದರೆ, ಆ ಕಟ್ಟನ್ನು ಹೇಗೆ ಬಾಗಿಸಿದರೂ ಒಂದು ತುದಿಯ ಚಿತ್ರ ಇನ್ನೊಂದು ತುದಿಗೆ ಸಾಗುತ್ತದೆ ಎಂದು ಅವರು ತೋರಿಸಿದ್ದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ, ದಕ್ಷಿಣ ಆಫ್ರಿಕಾ ಮೂಲದ ಯುವ ವೈದ್ಯ ಬೇಸಿಲ್ ಹಿರ್ಷೋವಿಟ್ಸ್ ಅದನ್ನು ಓದಿ ಲಂಡನ್ನಿಗೇ ಹೋಗಿ ನೋಡಿ ಬಂದ. ಒಂದು ತೊಡಕಿತ್ತು. ಬರಿಯ ಗಾಜಿನ ಎಳೆಗಳು ಒಂದಕ್ಕೊಂದು ತಗುಲಿದಲ್ಲೆಲ್ಲ ಬೆಳಕು ಸೋರುತ್ತಿತ್ತು.

ಸೋರಿಕೆ ನಿಲ್ಲಿಸಿದವನು ಲ್ಯಾರಿ ಕರ್ಟಿಸ್, ಮಿಷಿಗನ್‌ನಲ್ಲೇ ಇನ್ನೂ ಪದವಿ ಓದುತ್ತಿದ್ದ ಹುಡುಗ. ಗಾಜಿನ ಕಡ್ಡಿಯೊಂದನ್ನು ಬೇರೆ ಬಗೆಯ ಗಾಜಿನ ನಳಿಗೆಯೊಳಗೆ ಇಟ್ಟು, ಎರಡನ್ನೂ ಒಟ್ಟಿಗೆ ಕಾಯಿಸಿ ಎಳೆದರೆ, ಪ್ರತಿ ಎಳೆಗೂ ಅದರದೇ ಗಾಜಿನ ಕವಚ ಬರುತ್ತದೆ. ಒಳಗಿನ ಬೆಳಕು ಕವಚದ ಗೋಡೆಗೆ ಬಡಿದು ಒಳಕ್ಕೇ ಮರಳುತ್ತದೆ. ಹಿರಿಯರಿಗೆ ಇದರಲ್ಲಿ ಅಂಥ ನಂಬಿಕೆ ಇರಲಿಲ್ಲ. 1956ರ ಡಿಸೆಂಬರಿನಲ್ಲಿ ಹುಡುಗ ಎಳೆದೇಬಿಟ್ಟ. ಎರಡೇ ತಿಂಗಳಿಗೆ, 1957ರ ಫೆಬ್ರುವರಿಯಲ್ಲಿ, ಹಿರ್ಷೋವಿಟ್ಸ್ ಆ ಎಳೆಗಳ ಕೊಳವೆಯನ್ನು ಮೊದಲು ತಾನೇ ನುಂಗಿದ. ರೋಗಿಯ ಸರದಿ ಆಮೇಲೆ. ಇಂದು ನಮ್ಮೂರಿನ ಬೀದಿಬೀದಿಯಲ್ಲಿ ಇಂಟರ್‌ನೆಟ್ ಹೊತ್ತು ಹೂತಿರುವ ಫೈಬರ್‌ನಲ್ಲೂ ಗಾಜಿನ ಮೇಲೆ ಗಾಜಿನ ಕವಚವೇ ಇದೆ. ಕಪಾನಿಯವರಿಗೆ ಪದ್ಮವಿಭೂಷಣ ಬಂತು, ಅವರು ತೀರಿಕೊಂಡ ಮೇಲೆ, 2021ರಲ್ಲಿ.

ಬಾಗುವ ಕೊಳವೆ ಸಿಕ್ಕ ಮೇಲೆ ಅದರೊಳಗೊಂದು ಸಣ್ಣ ಸುರಂಗ ಬಿಟ್ಟು, ಇಕ್ಕಳ ಇಳಿಸಿ ಚೂರು ಮಾಂಸ ಕಿತ್ತು ತರುವುದು, ಅಂದರೆ ಬಯಾಪ್ಸಿ, ದಿನನಿತ್ಯದ ಕೆಲಸವಾಯಿತು. ಹುಣ್ಣಿಗೆ ಖಾರ, ಹುಳಿ, ಚಿಂತೆಯೇ ಕಾರಣ ಎಂಬ ಮಾತಿಗೆ ಪೆಟ್ಟು ಬಿದ್ದದ್ದೂ ಇಂಥ ಚೂರುಗಳಿಂದಲೇ. ಆಸ್ಟ್ರೇಲಿಯದ ಪರ್ತ್‌ನಲ್ಲಿ ಈ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದ ರಾಬಿನ್ ವಾರೆನ್‌ಗೆ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡವು. ಜತೆಗೂಡಿದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಕುಡಿದು ಕಾಯಿಲೆ ಬಿದ್ದ. ಅವನ ಜಠರದ ಉರಿಯೂತವನ್ನು ತೋರಿಸಿಕೊಟ್ಟದ್ದೂ ಎಂಡೋಸ್ಕೋಪಿಯೇ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಮನೆಗಳಲ್ಲಿ ಮಾತ್ರ ಅಲ್ಸರ್ ಎಂದೊಡನೆ ಇವತ್ತಿಗೂ ಬೈಗುಳ ಬೀಳುವುದು ಮೆಣಸಿನಕಾಯಿಗೆ.

ಶಸ್ತ್ರಚಿಕಿತ್ಸೆಯ ಕೋಣೆಗೆ ಇಣುಕುವ ಕೊಳವೆ ಹೊಕ್ಕ ಕಥೆ ಅಷ್ಟು ಸುಖಕರವಲ್ಲ. ಸ್ತ್ರೀರೋಗ ತಜ್ಞ ಕುರ್ಟ್ ಜೆಮ್ 1980ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಹೊಟ್ಟೆ ಸೀಳದೆ ಅಪೆಂಡಿಕ್ಸ್ ತೆಗೆದಾಗ ಸರ್ಜನ್ನರು ಸಿಡಿದೆದ್ದರು. 1985ರ ಸೆಪ್ಟೆಂಬರಿನಲ್ಲಿ ಬೋಬ್ಲಿಂಗನ್‌ನ ಎರಿಕ್ ಮ್ಯೂಹೆ ಹಾಗೆಯೇ ಪಿತ್ತಕೋಶ ತೆಗೆದ. ಅವನಿಗೂ ಮೊದಲು ಸಿಕ್ಕಿದ್ದು ತಾತ್ಸಾರವೇ. ಫ್ರಾನ್ಸಿನಲ್ಲಿ 1987ರಿಂದ ಇದೇ ಆಪರೇಷನ್ ಹಬ್ಬತೊಡಗಿತು, 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ತೆಹಮ್ತನ್ ಉದ್ವಾಡಿಯ ಮಾಡಿದರು. ಪಿತ್ತಕೋಶದ ಕಲ್ಲಿಗೆ ಹೊಟ್ಟೆ ಕುಯ್ಯಿಸಿಕೊಂಡು ವಾರಗಟ್ಟಲೆ ಮಲಗಿದ್ದ ಅತ್ತೆಯರ ಸೊಸೆಯಂದಿರು ಈಗ ನಾಲ್ಕು ಸಣ್ಣ ತೂತಿನ ಗುರುತಿನೊಂದಿಗೆ ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ.

1983ರಲ್ಲಿ ಗಾಜಿನೆಳೆಗಳ ಜಾಗಕ್ಕೆ ಚಿತ್ರ ಹಿಡಿಯುವ ಚಿಪ್ ಬಂತು. ಅಲ್ಲಿಯವರೆಗೆ ಒಬ್ಬರ ಕಣ್ಣಿಗಷ್ಟೇ ಕಾಣುತ್ತಿದ್ದುದು ಕೋಣೆಯ ಟಿ.ವಿ. ಪರದೆಯ ಮೇಲೆ ಎಲ್ಲರಿಗೂ ಕಂಡಿತು. ಪಕ್ಕದಲ್ಲಿ ನಿಂತ ಸಿಸ್ಟರ್ ಕೂಡ 'ಅಲ್ಲೊಂದು ಗಂಟಿದೆ, ಸಾರ್' ಎನ್ನಬಹುದಾಯಿತು. ಎಷ್ಟೋ ಕಡೆ ಇಕ್ಕಳ ತೆರೆದು ಮುಚ್ಚುವುದು ಈಗಲೂ ಅವರ ಕೈಯೇ.

ರೋಗಿ ಎದ್ದು ಹೋದ ಮೇಲೂ ಅವರ ಕೆಲಸ ಮುಗಿಯುವುದಿಲ್ಲ. ಕೊಳವೆಯನ್ನು ಹೊರಗಿನಿಂದ ಒರೆಸಬೇಕು, ಒಳಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡಬೇಕು, ಸುರಂಗದುದ್ದಕ್ಕೂ ಬ್ರಷ್ ಹಾಯಿಸಬೇಕು, ಸೋಂಕುನಾಶಕದಲ್ಲಿ ನೆನೆಸಿ, ತೊಳೆದು, ಒಣಗಿಸಿ ತೂಗುಹಾಕಬೇಕು. ಒಂದೇ ಒಂದು ಗುಳ್ಳೆ ಕಂಡರೂ ಆ ಸ್ಕೋಪ್ ರಿಪೇರಿಗೆ ಹೋಗುತ್ತದೆ. ಹೊರಗೆ ಉಪವಾಸ ಕೂತ ಮುಂದಿನ ರೋಗಿ ಯಾಕಿಷ್ಟು ತಡವೆಂದು ಗೊಣಗಿದರೆ, ಬಹುಮಟ್ಟಿಗೆ ಕಾರಣ ಇದೇ.